ಮಂಚ ಅಲ್ಲಾಡಬಾರದು ಅಂದ್ರೆ ಬೋಲ್ಟ್ ದಪ್ಪ ಇದ್ದರೆ ಸಾಲದು

ಹೊಸ ಮಂಚ ಮೊದಲ ಆರು ತಿಂಗಳು ಬಾಯಿ ಬಿಡೋದಿಲ್ಲ. ಆಮೇಲೆ ಶುರು. ಮಗ್ಗುಲು ಬದಲಿಸಿದರೆ ಒಂದು ‘ಕಿರ್’, ಎದ್ದು ಕೂತರೆ ಇನ್ನೊಂದು ‘ಕಿರ್’. ರಾತ್ರಿ ಹನ್ನೆರಡಕ್ಕೆ ಫೋನ್ ಚಾರ್ಜಿಗೆ ಹಾಕೋಕೆ ಕೈ ಚಾಚಿದರೂ ಪಕ್ಕದಲ್ಲಿ ಮಲಗಿದವರಿಗೆ ಎಚ್ಚರ. ಆಗ ನಾವು ಬೈಯೋದು ಮರವನ್ನು, ಇಲ್ಲವೇ ಮಂಚ ಮಾರಿದವನನ್ನು. ನಿಜವಾದ ತಕರಾರು ಬಹಳಷ್ಟು ಸಲ ಇರೋದು ನಾಲ್ಕು ಮೂಲೆಗಳಲ್ಲಿ, ನಾವು ಕಣ್ಣೆತ್ತಿಯೂ ನೋಡದ ಎಂಟೋ ಹತ್ತೋ ಬೋಲ್ಟ್‌ಗಳಲ್ಲಿ.

ಅಜ್ಜನ ಕಾಲದ ಮಂಚಕ್ಕೆ ಈ ತಲೆನೋವು ಕಡಿಮೆ. ಪಟ್ಟಿಯ ತುದಿಯನ್ನು ಕಾಲಿನ ತೂತಿನೊಳಗೆ ಕೂರಿಸಿ, ಬೆಣೆ ಹೊಡೆದುಬಿಟ್ಟರೆ ಮುಗೀತು. ಆ ಮಂಚ ಮದುವೆಗೆ ಬಂದ ಕೋಣೆಯಲ್ಲೇ ಮೊಮ್ಮಕ್ಕಳನ್ನೂ ಮಲಗಿಸಿಕೊಳ್ತಿತ್ತು. ನಮ್ಮದು ಹಾಗಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್, ಎರಡು ವರ್ಷಕ್ಕೊಮ್ಮೆ ಮನೆ ಬದಲು, ಲಿಫ್ಟ್‌ಗೆ ಹಿಡಿಸದ ಹೆಡ್‌ಬೋರ್ಡ್. ಬಿಚ್ಚಿ ಜೋಡಿಸುವ ಮಂಚವೇ ಬೇಕು. ಬಿಚ್ಚಬಹುದು ಅಂದಮೇಲೆ ಅದರ ಗಟ್ಟಿತನವೆಲ್ಲ ಬೋಲ್ಟ್‌ಗಳ ಹಿಡಿತದ ಮೇಲೆಯೇ ನಿಂತಿದೆ. ಆ ಹಿಡಿತ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಅನ್ನೋದು ಒಮ್ಮೆ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಬೋಲ್ಟ್ ಹೊರೋದಿಲ್ಲ, ಒತ್ತಿ ಹಿಡಿಯುತ್ತದೆ

ಗೋಡೆಯ ಮೊಳೆಗೆ ಕ್ಯಾಲೆಂಡರ್ ನೇತುಹಾಕಿದ ಹಾಗೆ ಬೋಲ್ಟ್ ಮೇಲೆ ಮಂಚ ನೇತಾಡ್ತಿದೆ ಅಂತ ನಮ್ಮಲ್ಲಿ ಬಹುತೇಕರ ಕಲ್ಪನೆ. ಅದಕ್ಕೇ ‘ಇನ್ನೂ ದಪ್ಪ ಬೋಲ್ಟ್ ಹಾಕಿಬಿಡೋಣ’ ಅನ್ನಿಸುತ್ತದೆ. ಆದರೆ ಬೋಲ್ಟ್‌ನ ಕೆಲಸ ಬೇರೆ. ಬಿಗಿ ಮಾಡಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಸ್ಪ್ರಿಂಗ್ ಥರ. ವಾಪಸ್ ಕುಗ್ಗೋಕೆ ಒದ್ದಾಡುತ್ತಾ ಎರಡು ಮರಗಳನ್ನೂ ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಆ ಒತ್ತಡದಿಂದ ಮರ ಮರಗಳ ನಡುವೆ ಹುಟ್ಟುವ ಘರ್ಷಣೆಯೇ ಮಂಚ ಜಾರದಂತೆ, ಅಲ್ಲಾಡದಂತೆ ತಡೆಯೋದು.

ಲೆಕ್ಕ ಹಾಕಿ ನೋಡೋಣ. ಇಬ್ಬರು ಮಲಗಿದರೆ 140 ಕೆ.ಜಿ., ಹಾಸಿಗೆ ಮತ್ತು ಅದರ ಕೆಳಗಿನ ಹಲಗೆ ಸೇರಿ 60 ಕೆ.ಜಿ. ಅಂದುಕೊಳ್ಳಿ. ಒಟ್ಟು 200, ಒಂದು ಮೂಲೆಗೆ 50. ಈಗ ಬೋಲ್ಟ್ ಕಡೆ ಬನ್ನಿ. 6 ಮಿ.ಮೀ. ದಪ್ಪದ, 4.6 ದರ್ಜೆಯ ತೀರಾ ಸಾಮಾನ್ಯ ಬೋಲ್ಟ್ ಕೂಡ ಶಾಶ್ವತವಾಗಿ ಹಿಗ್ಗದೆ ಸುಮಾರು 450 ಕೆ.ಜಿ. ಎಳೆತ ತಡೆಯುತ್ತದೆ. 8 ಮಿ.ಮೀ.ನ 8.8 ದರ್ಜೆಯದ್ದಾದರೆ ಸುಮಾರು 2 ಟನ್. ಅಂದರೆ ಮಲಗಿದವರ ಭಾರಕ್ಕೆ ಬೋಲ್ಟ್ ತುಂಡಾಗೋ ಪ್ರಶ್ನೆಯೇ ಹೆಚ್ಚುಕಡಿಮೆ ಬರೋದಿಲ್ಲ.

ಮತ್ತೆ ಸೋಲೋದು ಯಾವುದು? ಮರ. 10 ಸೆಂ.ಮೀ. ಉದ್ದದ ಅಲೆನ್ ಕೀ ತುದಿಯಲ್ಲಿ ನೀವು 10 ಕೆ.ಜಿ.ಯಷ್ಟು ಬಲ ಹಾಕಿದಿರಿ ಅನ್ನಿ. ಇಂಜಿನಿಯರ್‌ಗಳು ಬಳಸುವ ಸರಳ ಲೆಕ್ಕದ ಪ್ರಕಾರ 8 ಮಿ.ಮೀ. ಬೋಲ್ಟ್‌ನಲ್ಲಿ ಹುಟ್ಟುವ ಒತ್ತಡ ಸುಮಾರು 600 ಕೆ.ಜಿ.! ಮರಕ್ಕೂ ಮರಕ್ಕೂ ಘರ್ಷಣೆ 0.3 ಅಂತ ಹಿಡಿದರೂ ಒಂದೇ ಬೋಲ್ಟ್ 180 ಕೆ.ಜಿ. ಭಾರ ಜಾರದಂತೆ ತಡೆಯಬಲ್ಲದು. ಮೂಲೆಗೆ ಬೇಕಾದದ್ದು 50. ಹಾಸಿಗೆ ಮೇಲೆ ಧೊಪ್ಪೆಂದು ಕೂತರೂ ಸಾಕಾಗುವಷ್ಟು ಉಳಿಕೆ ಇದೆ.

ಆದರೆ ಆ 600 ಹಾಗೇ ಉಳಿಯಬೇಕಲ್ಲ! ಬೋಲ್ಟ್‌ನ ತಲೆಯ ಕೆಳಗೆ ಮರ ಸ್ವಲ್ಪ ಕುಸಿದರೂ, ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೂ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಘರ್ಷಣೆ ಹೋಯ್ತು. ಆಗ ಪಟ್ಟಿ ನಿಜವಾಗಿಯೂ ಬೋಲ್ಟ್ ಮೇಲೆ ನೇತಾಡೋಕೆ ಶುರು ಮಾಡುತ್ತದೆ. ಪ್ರತಿ ಸಲ ಮಗ್ಗುಲು ತಿರುಗಿದಾಗಲೂ ಬೋಲ್ಟ್ ತೂತಿನ ಅಂಚನ್ನು ತಿನ್ನುತ್ತದೆ. ದುಂಡಗಿದ್ದ ತೂತು ಮೊಟ್ಟೆ ಆಕಾರಕ್ಕೆ ಬರುತ್ತದೆ. ಒಮ್ಮೆ ತೂತು ಅಗಲವಾದ ಮೇಲೆ ಎಷ್ಟು ದುಬಾರಿ ಬೋಲ್ಟ್ ತಂದರೂ ಹಳೆಯ ಗಟ್ಟಿತನ ಸುಲಭಕ್ಕೆ ವಾಪಸ್ ಬರೋದಿಲ್ಲ. ಆ ಮೊದಲ ‘ಕಿರ್’ ಶಬ್ದವನ್ನು ಆಪ್‌ನ ನೋಟಿಫಿಕೇಶನ್ ಥರ ಸ್ವೈಪ್ ಮಾಡಿ ಬಿಡಬಾರದು ಅನ್ನೋದು ಇದಕ್ಕೇ.

ಇದು ಬರೀ ಶಬ್ದದ ವಿಷಯ ಅಲ್ಲ

ಹೋದ ವರ್ಷ ಅಪ್ಪ ಮೊಣಕಾಲಿನ ಆಪರೇಷನ್ ಮುಗಿಸಿಕೊಂಡು ಮೂರು ತಿಂಗಳು ಇರೋಕೆ ಅರಸೀಕೆರೆಯಿಂದ ನಮ್ಮ ಬಾಡಿಗೆ ಮನೆಗೆ ಬಂದರು. ಹಾಸಿಗೆಯ ಅಂಚಿಗೆ ಸರಿದು ಕೂತು, ಎರಡೂ ಕೈ ಊರಿ ಏಳಬೇಕು ಅಂತ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದರು. ಎರಡನೇ ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಅಂದರು: “ಮಂಚ ಓಲಾಡ್ತದೆ ಕಣೋ. ನಿಮ್ಮಪ್ಪ ಅದನ್ನೇ ಹಿಡ್ಕೊಂಡು ಏಳೋದು. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದಾರೆ.”

ಮಂಚವನ್ನು ನಾವು ಮಲಗೋ ಜಾಗ ಅಂದ್ಕೊಂಡಿದ್ದೇವೆ. ವಯಸ್ಸಾದವರಿಗೆ, ಬಾಣಂತಿಗೆ, ಕಾಲಿಗೆ ಪೆಟ್ಟು ಬಿದ್ದವರಿಗೆ ಅದು ಹಿಡಿದು ಏಳೋ ಆಸರೆಯೂ ಹೌದು. ಮಲಗಿದಾಗ ಭಾರ ನಾಲ್ಕೂ ಮೂಲೆಗೆ ಹಂಚಿಹೋಗುತ್ತದೆ. ಅಂಚಿನಲ್ಲಿ ಕೂತು ಏಳುವಾಗ ಹಾಗಲ್ಲ. ಇಡೀ ಮೈಭಾರ ಒಂದೇ ಪಟ್ಟಿಯ ಮೇಲೆ, ಅದೂ ಪಕ್ಕಕ್ಕೆ ದೂಡುತ್ತಾ ಬೀಳುತ್ತದೆ. ಮಂಚದ ನಿಜವಾದ ಪರೀಕ್ಷೆ ನಡೆಯೋದು ಆ ಕ್ಷಣದಲ್ಲಿ. ಆ ಶನಿವಾರ ನಾನು ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ ಕೂತೆ. ಇಂಜಿನಿಯರಿಂಗ್ ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿದ್ದು ಬಿಟ್ಟರೆ ಕೈಕೆಲಸ ನನಗೆ ದೂರ. ಆದರೂ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಇದು. ಮುಂದೆ ಹೇಳೋದನ್ನು ನೀವೂ ಮಾಡಬಹುದು.

ಮೊದಲು ಮರದ ಜಾತಿ ನೋಡಿ

ಬೋಲ್ಟ್ ಆರಿಸೋ ಮೊದಲು ಅದು ಹಿಡಿಯಬೇಕಾದ ವಸ್ತು ಯಾವುದು ಅಂತ ತಿಳಿಯಬೇಕು.

ತೇಗ, ಶೀಶಮ್, ರಬ್ಬರ್ ಮರದಂಥ ಗಟ್ಟಿ ಮರದ ಮಂಚವಾದರೆ ಅತ್ಯುತ್ತಮ ಜೋಡಿ ಅಂದರೆ ಉದ್ದದ ಬೋಲ್ಟ್ ಮತ್ತು ಬ್ಯಾರೆಲ್ ನಟ್. ಬ್ಯಾರೆಲ್ ನಟ್ ಅಂದರೆ ಸೀಮೆಸುಣ್ಣದ ತುಂಡಿನ ಹಾಗೆ ಕಾಣುವ ಲೋಹದ ಉರುಳೆ, ಅದರ ಮಧ್ಯೆ ಅಡ್ಡಲಾಗಿ ಥ್ರೆಡ್ ಇರುವ ತೂತು. ಪಟ್ಟಿಯ ಒಳಮೈಯಲ್ಲಿ ಕೊರೆದ ಗುಂಡಿಯಲ್ಲಿ ಅದು ಕೂರುತ್ತದೆ. ಕಾಲಿನ ಕಡೆಯಿಂದ ಬಂದ ಬೋಲ್ಟ್ ಅದರೊಳಗೆ ಹೋಗುತ್ತದೆ. ಬಿಗಿ ಮಾಡಿದಾಗ ಉರುಳೆ ಮರದ ಎಳೆಗೆ ಅಡ್ಡ ಕೂತು ಎಳೆಯೋದರಿಂದ ಹಿಡಿತ ಗಟ್ಟಿ. ಹತ್ತು ಸಲ ಬಿಚ್ಚಿ ಜೋಡಿಸಿದರೂ ಥ್ರೆಡ್ ಸವೆಯೋದು ಕಡಿಮೆ, ಯಾಕಂದರೆ ಲೋಹಕ್ಕೆ ಲೋಹ.

ಮರದ ಸ್ಕ್ರೂ ಹಾಗಲ್ಲ. ಪಟ್ಟಿಯ ತುದಿಗೆ, ಅಂದರೆ ಎಳೆಗಳ ಉದ್ದಕ್ಕೇ ಸ್ಕ್ರೂ ಹೊಡೆದರೆ ಹಿಡಿತ ದುರ್ಬಲ. ಜೊತೆಗೆ ಪ್ರತಿ ಸಲ ಬಿಚ್ಚಿದಾಗಲೂ ಒಂದಿಷ್ಟು ಮರ ಪುಡಿಯಾಗಿ ಬರುತ್ತದೆ. ಶಿಫ್ಟ್ ಆಗ್ತಾ ಇರೋರ ಮಂಚಕ್ಕೆ ಮೂಲೆಯಲ್ಲಿ ಬರೀ ಸ್ಕ್ರೂ ಇದ್ದರೆ ಅದು ಎರಡನೇ ಮನೆಯ ತನಕ ಬಂದರೆ ಹೆಚ್ಚು.

ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಮಂಚವಾದರೆ ಇನ್ನೂ ಎಚ್ಚರ ಬೇಕು. ಮರದ ಪುಡಿಯನ್ನೋ ನಾರನ್ನೋ ಅಂಟು ಹಾಕಿ ಒತ್ತಿದ ಹಲಗೆ ಅದು. ಎಳೆಗಳ ಬಲ ಅದಕ್ಕಿಲ್ಲ, ನೀರು ತಾಗಿದರೆ ಉಬ್ಬುತ್ತದೆ. ಅಲ್ಲಿ ಸ್ಕ್ರೂ ತೂತು ಸಡಿಲವಾದರೆ ಬೆಂಕಿಕಡ್ಡಿ ಮುರಿದು ಫೆವಿಕಾಲ್ ಹಾಕಿ ತುರುಕೋ ಮನೆಮದ್ದು ಬೀರು ಬಾಗಿಲಿಗೆ ನಡೆದೀತು, ಮಂಚದ ಮೂಲೆಗೆ ಬೇಡ. ಹಲಗೆಯ ಆರುಪಾರು ಬೋಲ್ಟ್ ಹಾಕಿ, ಎರಡೂ ಕಡೆ ಅಗಲ ವಾಷರ್ ಕೊಟ್ಟು ನಟ್ ಬಿಗಿಯೋದೇ ನಂಬಬಹುದಾದ ದಾರಿ. ಸಾಧ್ಯವಾದರೆ ಒಳಗಡೆ ದಪ್ಪ ‘ಎಲ್’ ಆಕಾರದ ಕಬ್ಬಿಣದ ಪಟ್ಟಿಯನ್ನೂ ಸೇರಿಸಿ.

ಕಬ್ಬಿಣದ ಮಂಚದಲ್ಲಿ ಪೈಪಿನ ಗೋಡೆ ತೆಳು. ಆರುಪಾರು ಹಾಕಿದ ಬೋಲ್ಟನ್ನು ವಿಪರೀತ ಬಿಗಿದರೆ ಪೈಪೇ ಒಳಕ್ಕೆ ಚಪ್ಪಟೆಯಾಗುತ್ತದೆ, ಆಮೇಲೆ ಬಿಗಿ ಅನ್ನೋದೇ ನಿಲ್ಲೋದಿಲ್ಲ. ಪೈಪಿನೊಳಗೆ ಅದೇ ಅಗಲದ ಒಂದು ಸಣ್ಣ ಕೊಳವೆ ತುಂಡು ಕೂರಿಸಿ ಅದರ ಮೂಲಕ ಬೋಲ್ಟ್ ಹಾಯಿಸಿದರೆ ಪೈಪ್ ಕುಸಿಯೋದಿಲ್ಲ. ಲೋಹಕ್ಕೆ ಲೋಹ ಉಜ್ಜಿ ಬರುವ ಕಿರುಚಾಟಕ್ಕೆ ನಡುವೆ ಒಂದು ನೈಲಾನ್ ವಾಷರ್ ಸಾಕು.

ಅಂಗಡಿಯಲ್ಲಿ ಏನಂತ ಕೇಳೋದು?

ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆ ಇದೆ. ಬೇರೆ ಊರುಗಳಲ್ಲೂ ಪೇಟೆಬೀದಿಯಲ್ಲಿ ನಟ್ಟು ಬೋಲ್ಟು ಅಂಗಡಿ ಇದ್ದೇ ಇರುತ್ತದೆ. ಹಳೆಯ ಬೋಲ್ಟ್ ಮತ್ತು ನಟ್ ಎರಡನ್ನೂ ಜೇಬಲ್ಲಿ ಹಾಕಿಕೊಂಡು ಹೋಗಿ. ಫೋಟೋ ಸಾಲದು. ಫೋಟೋದಲ್ಲಿ 6 ಮಿ.ಮೀ., 8 ಮಿ.ಮೀ. ಎರಡೂ ಒಂದೇ ಥರ ಕಾಣುತ್ತವೆ.

“ಅಣ್ಣಾ, ಎಂ8, ಎಂಬತ್ತು ಉದ್ದ, ಅಲೆನ್ ಬೋಲ್ಟ್ ಎಂಟು ಕೊಡಿ” ಅಂದರೆ ಅವರು ತಿರುಗಿ ಕೇಳ್ತಾರೆ, “ಹಾಫ್ ಥ್ರೆಡ್ಡಾ, ಫುಲ್ ಥ್ರೆಡ್ಡಾ ಸರ್?”

ಈ ಮಾತುಗಳ ಅರ್ಥ ಇಷ್ಟು. ಎಂ8 ಅಂದರೆ ಮೆಟ್ರಿಕ್ ಅಳತೆಯಲ್ಲಿ 8 ಮಿ.ಮೀ. ದಪ್ಪ. ಎಂಬತ್ತು ಅಂದರೆ ಉದ್ದ, ತಲೆಯ ಕೆಳಗಿನಿಂದ ತುದಿಯವರೆಗೆ. ಹಾಫ್ ಥ್ರೆಡ್‌ನಲ್ಲಿ ತಲೆಯ ಹತ್ತಿರದ ಭಾಗ ನುಣುಪಾಗಿರುತ್ತದೆ. ಮಂಚಕ್ಕೆ ಅದೇ ಮೇಲು. ಕಾಲಿನ ತೂತಿನೊಳಗೆ ನುಣುಪು ಭಾಗ ಇದ್ದರೆ ಅದು ಅರದಂತೆ ಮರವನ್ನು ಕೆರೆಯೋದಿಲ್ಲ. ಆದರೆ ಥ್ರೆಡ್ ಇರುವ ಭಾಗ ನಟ್‌ವರೆಗೂ ತಲುಪುತ್ತದೋ ಅಂತ ನೋಡಿಕೊಳ್ಳಬೇಕು. ಥ್ರೆಡ್ ಮುಗಿದು ನುಣುಪು ಭಾಗ ನಟ್‌ಗೆ ತಾಗಿದರೆ ಬೋಲ್ಟ್ ಬಿಗಿಯಾದ ಹಾಗೆ ಅನ್ನಿಸುತ್ತದೆ, ಮರ ಮಾತ್ರ ಸಡಿಲವಾಗೇ ಇರುತ್ತದೆ.

ದೊಡ್ಡ ಹಳ್ಳ ಒಂದಿದೆ. ನಮ್ಮ ಅಂಗಡಿಗಳಲ್ಲಿ ಮಿಲಿಮೀಟರ್ ಜೊತೆಗೆ ಇಂಚಿನ ಬೋಲ್ಟ್‌ಗಳೂ ಇವೆ. ಬ್ರಿಟನ್‌ನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್‌ಗಳಿಗೆ ಒಂದು ಗೊತ್ತಾದ ಅಳತೆ ಇರಲಿ ಅಂತ ಸೂಚಿಸಿದರು. ಅವರ ಹೆಸರಿನ ಇಂಚಿನ ಥ್ರೆಡ್ ಇವತ್ತಿಗೂ ಮಾರುಕಟ್ಟೆಯಲ್ಲಿದೆ. 5/16 ಇಂಚಿನ ಬೋಲ್ಟ್ ಅಂದರೆ 7.94 ಮಿ.ಮೀ. ಕಣ್ಣಿಗೆ 8 ಮಿ.ಮೀ.ಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಆದರೆ ಎಂ8ನಲ್ಲಿ ಒಂದು ಸುತ್ತಿಗೂ ಇನ್ನೊಂದಕ್ಕೂ ಅಂತರ 1.25 ಮಿ.ಮೀ., ವಿಟ್‌ವರ್ತ್‌ನ 5/16ರಲ್ಲಿ 1.41. ನಟ್ ಒಂದೆರಡು ಸುತ್ತು ಚೆನ್ನಾಗಿ ಹೋಗಿ ಆಮೇಲೆ ಹಿಡಿದುಕೊಳ್ಳುತ್ತದೆ. ‘ಟೈಟ್ ಆಯ್ತು’ ಅಂತ ಜೋರು ಹಾಕಿದರೆ ಎರಡರ ಥ್ರೆಡ್ಡೂ ಹಾಳು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೈಬ್ರರಿಯ ಹೆಸರು ಒಂದೇ, ವರ್ಷನ್ ಬೇರೆ. ಅದಕ್ಕೇ ಅಂಗಡಿ ಕಟ್ಟೆಯ ಮೇಲೇ ಹೊಸ ಬೋಲ್ಟನ್ನು ಹಳೆಯ ನಟ್‌ಗೆ ಬೆರಳಲ್ಲಿ ಪೂರ್ತಿ ತಿರುಗಿಸಿ ನೋಡಿ. ಬೆರಳಿಗೇ ಸಲೀಸಾಗಿ ಹೋಗಬೇಕು.

ತಲೆಯ ಮೇಲೆ 8.8 ಅಂತಿದ್ದರೆ ಮೊದಲ 8 ಅಂದರೆ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್ ಎಳೆತದ ತನಕ ತುಂಡಾಗೋದಿಲ್ಲ ಅಂತ. ಚುಕ್ಕಿಯ ನಂತರದ 8 ಅಂದರೆ ಅದರ ಶೇ. 80ರವರೆಗೆ ಬಿಟ್ಟ ಕೂಡಲೇ ಮೊದಲಿನ ಉದ್ದಕ್ಕೆ ವಾಪಸ್ ಬರುತ್ತದೆ ಅಂತ. ಈ ಬಗೆಯ ಬೋಲ್ಟ್‌ಗಳಿಗೆ ನಮ್ಮ ದೇಶದ ಮಾನದಂಡ ಐಎಸ್ 1367. ಭಾರದ ಲೆಕ್ಕಕ್ಕೆ ಮಂಚಕ್ಕೆ ಇಷ್ಟು ಗಟ್ಟಿ ಬೋಲ್ಟ್ ಬೇಕಿಲ್ಲ. ಆದರೂ ತಗೊಳ್ಳಿ ಅನ್ನೋಕೆ ಕಾರಣ ಬೇರೆ: ಅಗ್ಗದ ಮೆತ್ತನೆಯ ಬೋಲ್ಟ್‌ನಲ್ಲಿ ಅಲೆನ್ ಕೀ ಕೂರುವ ಆರು ಮೂಲೆಯ ಗುಂಡಿ ಎರಡೇ ಸಲಕ್ಕೆ ದುಂಡಾಗಿಬಿಡುತ್ತದೆ. ಆಮೇಲೆ ಬಿಗಿ ಮಾಡೋಕೂ ಆಗಲ್ಲ, ಬಿಚ್ಚೋಕೂ ಆಗಲ್ಲ. ಮಂಚದ ಬೆಲೆ ಮುಂದೆ ಎಂಟು ಒಳ್ಳೆಯ ಬೋಲ್ಟ್‌ನ ಬೆಲೆ ಲೆಕ್ಕಕ್ಕೇ ಬರಲ್ಲ.

ಕೀ ಕೂಡ ಸರಿಯಾದ್ದೇ ಬೇಕು. ಸಾಮಾನ್ಯವಾಗಿ ಉರುಳೆ ತಲೆಯ ಅಲೆನ್ ಬೋಲ್ಟ್ ಎಂ6ಗೆ 5 ಮಿ.ಮೀ. ಕೀ, ಎಂ8ಗೆ 6 ಮಿ.ಮೀ. ಆರು ಮೂಲೆ ತಲೆಯ ಬೋಲ್ಟ್ ಆದರೆ ಎಂ6ಗೆ 10, ಎಂ8ಗೆ 13ರ ಸ್ಪ್ಯಾನರ್.

ಉದ್ದದ ಲೆಕ್ಕ

ಸ್ಕೇಲ್ ಹಿಡಿದು ಮೂರು ಅಳತೆ ಕೂಡಿಸಿ. ಒಂದು, ಬೋಲ್ಟ್‌ನ ತಲೆ ಕೂರುವ ಜಾಗದಿಂದ ಕಾಲಿನ ಒಳಮೈವರೆಗಿನ ದಪ್ಪ. ಎರಡು, ಪಟ್ಟಿಯ ತುದಿಯಿಂದ ಬ್ಯಾರೆಲ್ ನಟ್‌ನ ನಟ್ಟನಡುವಿಗೆ ಇರುವ ದೂರ. ಮೂರು, ನಟ್‌ನ ಉಳಿದರ್ಧವನ್ನು ದಾಟಲು 5–6 ಮಿ.ಮೀ. ವಾಷರ್ ಹಾಕ್ತಿದ್ದರೆ ಅದರ ದಪ್ಪವನ್ನೂ ಸೇರಿಸಿ.

ಉದಾಹರಣೆಗೆ ಕಾಲು 50 ಮಿ.ಮೀ. ದಪ್ಪ, ತಲೆ 12 ಮಿ.ಮೀ. ಒಳಗೆ ಕೂತಿದೆ ಅನ್ನಿ. ಉಳಿದದ್ದು 38. ನಟ್‌ನ ನಡುವಿಗೆ 35. ವಾಷರ್ 2. ಕೊನೆಗೆ 5. ಒಟ್ಟು 80. ಎಂ8 × 80 ಬೋಲ್ಟ್ ಸರಿಹೋಯ್ತು. ಗಿಡ್ಡವಾದರೆ ನಾಲ್ಕೇ ಸುತ್ತು ಥ್ರೆಡ್ ಹಿಡಿದಿರುತ್ತದೆ, ಅದು ಕಿತ್ತು ಬರಬಹುದು. ಉದ್ದ ಹೆಚ್ಚಾದರೆ ಬೋಲ್ಟ್‌ನ ತುದಿ ಪಟ್ಟಿಯೊಳಗಿನ ತೂತಿನ ತಳಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ, ಮರ ಒತ್ತೋದೇ ಇಲ್ಲ.

ತೂತಿನ ಅಳತೆಯನ್ನೂ ಮರೀಬೇಡಿ. ಎಂ8ಗೆ 8.5ರಿಂದ 9 ಮಿ.ಮೀ., ಎಂ6ಗೆ 6.5ರಿಂದ 7. ಅದಕ್ಕಿಂತ ದೊಡ್ಡದು ಬೇಡ.

ಕೈಗೆ ಸಿಗುವ ಅತಿ ಅಗ್ಗದ ಬಲ: ವಾಷರ್

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಎಂ8 ಬೋಲ್ಟ್‌ನ ತಲೆ ಮರವನ್ನು ಮುಟ್ಟುವ ಜಾಗ ಸುಮಾರು 77 ಚದರ ಮಿ.ಮೀ. ಮಾತ್ರ. 16 ಮಿ.ಮೀ. ಅಗಲದ ಸಾಮಾನ್ಯ ವಾಷರ್ ಹಾಕಿದರೆ 145. 24 ಮಿ.ಮೀ. ಅಗಲದ ದೊಡ್ಡ ವಾಷರ್ ಹಾಕಿದರೆ ಸುಮಾರು 395, ಅಂದರೆ ಐದು ಪಟ್ಟು. ಮೇಲೆ ಹೇಳಿದ 600 ಕೆ.ಜಿ. ಒತ್ತಡ ಚಿಕ್ಕ ಜಾಗದಲ್ಲಿ ಬಿದ್ದರೆ ಮರ ನಜ್ಜಾಗುತ್ತದೆ, ಅಗಲದಲ್ಲಿ ಹರಡಿದರೆ ತಡೆದುಕೊಳ್ಳುತ್ತದೆ. ಮಣ್ಣಲ್ಲಿ ಕೋಲು ಇಳಿಯುತ್ತೆ, ಹಲಗೆ ನಿಲ್ಲುತ್ತೆ, ಅಷ್ಟೇ ವಿಷಯ. ತಲೆ ಕೂರುವ ಗುಂಡಿ ಚಿಕ್ಕದಿದ್ದರೆ ಅದರೊಳಗೆ ಹಿಡಿಸುವಷ್ಟು ಅಗಲದ ದಪ್ಪ ವಾಷರ್ ಆರಿಸಿ. ತೆಳು ವಾಷರ್ ಬಟ್ಟಲಿನಂತೆ ಬಗ್ಗುತ್ತದೆ, ಉಪಯೋಗವಿಲ್ಲ.

ಜೋಡಿಸುವ ಕ್ರಮ

ಒಂದು ಮೂಲೆಯನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಮುಂದಿನ ಮೂಲೆಗೆ ಹೋಗೋದು ಬಹಳ ಕಡೆ ನಡೆಯುವ ಪದ್ಧತಿ. ಶಿಫ್ಟಿಂಗ್‌ನವರಿಗೆ ಅವಸರ, ಅವರದ್ದು ಹೀಗೇ. ಹಾಗೆ ಮಾಡಿದರೆ ನಾಲ್ಕನೇ ಮೂಲೆ ಕೂಡೋದೇ ಇಲ್ಲ, ಎಳೆದು ಕೂರಿಸಬೇಕಾಗುತ್ತದೆ. ಎಳೆದು ಕೂರಿಸಿದ ಮೂಲೆಯೇ ಮೊದಲು ಸಡಿಲವಾಗೋದು. ಸರಿಯಾದ ಕ್ರಮ ಹೀಗಿದೆ.

1. ಮಂಚ ಇಡುವ ಜಾಗದಲ್ಲೇ, ಸಮ ನೆಲದ ಮೇಲೆ ಜೋಡಿಸಿ. ಮರದ ಚಿಕ್ಕ ಗೂಟಗಳಿದ್ದರೆ (ಅಂಗಡಿಯವರು ಡೋವೆಲ್ ಅಂತಾರೆ) ಎಲ್ಲವನ್ನೂ ಹಾಕಿ. ಪಟ್ಟಿ ತಿರುಗದಂತೆ ತಡೆಯೋದೂ, ಭಾರದಲ್ಲಿ ಪಾಲು ಹೊರೋದೂ ಅವೇ. ಒಂದು ಕಳೆದುಹೋಗಿದ್ದರೆ ಹೊಸದು ತಂದು ಹಾಕಿ.

2. ಬ್ಯಾರೆಲ್ ನಟ್‌ನ ತಲೆಯ ಮೇಲೊಂದು ಗೀರು ಇರುತ್ತದೆ. ಒಳಗಿನ ತೂತು ಯಾವ ದಿಕ್ಕಿಗಿದೆ ಅಂತ ತೋರಿಸೋದು ಅದೇ. ಸ್ಕ್ರೂಡ್ರೈವರ್‌ನಿಂದ ಗೀರನ್ನು ಬೋಲ್ಟ್‌ನ ದಿಕ್ಕಿಗೆ ತಿರುಗಿಸಿ.

3. ಬೋಲ್ಟನ್ನು ಮೊದಲು ಬೆರಳಲ್ಲಿ ಹಿಂದಕ್ಕೆ ಒಂದು ಸುತ್ತು ತಿರುಗಿಸಿ. ‘ಟಕ್’ ಅಂತ ಥ್ರೆಡ್ ಕೂತದ್ದು ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ ಮೂರು ಸುತ್ತು, ಬೆರಳಲ್ಲೇ. ಕೀ ಹಿಡಿಯೋದು ಆಮೇಲೆ. ಡ್ರಿಲ್ ಮೆಷಿನ್‌ನಿಂದ ಶುರು ಮಾಡಿದರೆ ಥ್ರೆಡ್ ಓರೆ ಹೋದದ್ದು ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತದೆ.

4. ನಾಲ್ಕೂ ಮೂಲೆಯ ಎಲ್ಲ ಬೋಲ್ಟ್ ಸಡಿಲವಾಗಿ ಕೂತ ಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. 78 × 60 ಇಂಚಿನ ಚೌಕಟ್ಟಾದರೆ ಎರಡೂ ಸುಮಾರು 98.4 ಇಂಚು ಬರಬೇಕು. ಒಂದು ಉದ್ದ, ಒಂದು ಗಿಡ್ಡ ಬಂದರೆ ಮಂಚ ಓರೆಯಾಗಿದೆ. ಉದ್ದದ ಕಡೆಯ ಮೂಲೆಯನ್ನು ಒಳಕ್ಕೆ ದೂಡಿ ಸರಿಮಾಡಿ.

5. ಈಗ ಬಿಗಿ ಮಾಡಿ, ಸುತ್ತುಸುತ್ತಾಗಿ. ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಕಾರಿನ ಚಕ್ರ ಹಾಕಿದ ಹಾಗೆ. ಮೊದಲ ಸುತ್ತಿಗೆ ಅರ್ಧ ಬಿಗಿ, ಎರಡನೇ ಸುತ್ತಿಗೆ ಪೂರ್ತಿ. ವಾಷರ್ ಮರದೊಳಗೆ ಇಳಿಯೋಕೆ ಶುರುವಾಗುವ ಮುಂಚೆ ನಿಲ್ಲಿಸಿ. ಕೀಗೆ ಪೈಪ್ ಸಿಕ್ಕಿಸಿ ಉದ್ದ ಮಾಡಬೇಡಿ. ಉದ್ದ ಎರಡು ಪಟ್ಟಾದರೆ ಬಲವೂ ಎರಡು ಪಟ್ಟು, ಮರಕ್ಕೆ ಅಷ್ಟು ತಾಳೋ ಶಕ್ತಿ ಇಲ್ಲ.

ಒಂದು ಮೂಲೆಗೆ ಎರಡು ಬೋಲ್ಟ್ ಇದ್ದರೆ ಅವುಗಳ ನಡುವಿನ ಅಂತರವೂ ಮುಖ್ಯ. 5 ಸೆಂ.ಮೀ. ಅಂತರದ ಜೋಡಿಗಿಂತ 10 ಸೆಂ.ಮೀ. ಅಂತರದ ಜೋಡಿಯಲ್ಲಿ ಓಲಾಟ ತಡೆಯಲು ಪ್ರತಿ ಬೋಲ್ಟ್ ಪಡುವ ಕಷ್ಟ ಅರ್ಧ. ಬಡಗಿ ಹತ್ತಿರ ಹೊಸ ಮಂಚ ಮಾಡಿಸುವಾಗ ದಪ್ಪ ಬೋಲ್ಟ್ ಕೇಳುವ ಬದಲು ಅಗಲವಾದ ಪಟ್ಟಿ ಕೇಳಿ, ದೂರ ದೂರ ಎರಡು ಬೋಲ್ಟ್ ಹಾಕಿಸಿ.

ಒಂದು ವಾರ, ಒಂದು ತಿಂಗಳು, ಒಂದು ಮಳೆಗಾಲ

ಇವತ್ತು ಬಿಗಿ ಮಾಡಿದ ಮರ ನಾಳೆಗೆ ಸ್ವಲ್ಪ ಕುಸಿದಿರುತ್ತದೆ. ಅದು ನಿಮ್ಮ ತಪ್ಪಲ್ಲ, ಮರದ ಗುಣ. ಅದಕ್ಕೇ ಒಂದು ವಾರದ ನಂತರ ಒಮ್ಮೆ, ಒಂದು ತಿಂಗಳ ನಂತರ ಇನ್ನೊಮ್ಮೆ ಕೀ ಹಿಡಿಯಿರಿ. ಆಮೇಲೆ ವರ್ಷಕ್ಕೆರಡು ಸಲ ಸಾಕು: ಬೇಸಿಗೆ ಏರಿದಾಗ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಮಳೆಯಲ್ಲಿ ತೇವ ಹೀರಿ ಉಬ್ಬುವ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ. 50 ಮಿ.ಮೀ. ದಪ್ಪದ ಕಾಲು ಶೇ. 1ರಷ್ಟು ಕುಗ್ಗಿದರೂ ಅರ್ಧ ಮಿಲಿಮೀಟರ್. ಎಂ8 ಬೋಲ್ಟ್ ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ ಹೋಗುತ್ತದೆ. ಅಂದರೆ ಬೋಲ್ಟ್ ಇದ್ದ ಜಾಗದಲ್ಲೇ ಇದ್ದರೂ ಹತ್ತಿರ ಹತ್ತಿರ ಅರ್ಧ ಸುತ್ತು ಬಿಚ್ಚಿದಷ್ಟೇ ಸಡಿಲ. ಯಾರೂ ಮುಟ್ಟದೆ ಮಂಚ ಲೂಸ್ ಆಗೋದು ಹೀಗೆ.

‘ಸ್ಪ್ರಿಂಗ್ ವಾಷರ್ ಹಾಕಿಬಿಡಿ, ಲೂಸೇ ಆಗಲ್ಲ’ ಅಂತ ಅಂಗಡಿಯಲ್ಲಿ ಹೇಳಬಹುದು. ನಂಬಬೇಡಿ. ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಸಂಶೋಧನೆ ಈ ವಿಷಯದಲ್ಲಿ ಹೆಸರುವಾಸಿ. ಬೋಲ್ಟ್‌ಗಳು ತಾವಾಗಿ ಬಿಚ್ಚಿಕೊಳ್ಳೋಕೆ ಮುಖ್ಯ ಕಾರಣ ಅಡ್ಡಡ್ಡ ಜರುಗಾಟ ಅಂತ ಅವರು ತೋರಿಸಿದರು. ಅವರು ರೂಪಿಸಿದ ಬಗೆಯ ಪರೀಕ್ಷೆಗಳಲ್ಲಿ ಸ್ಪ್ರಿಂಗ್ ವಾಷರ್ ಇದ್ದರೂ ಬೋಲ್ಟ್‌ಗಳು ಬಿಚ್ಚಿಕೊಳ್ಳುತ್ತವೆ. ಜರುಗಾಟ ತಡೆಯೋದು ಒತ್ತಡ ಮಾತ್ರ. ಆರುಪಾರು ಬೋಲ್ಟ್ ಇರುವ ಕಡೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿದರೆ ನಟ್ ಕಳಚಿ ಬೀಳೋದು ತಪ್ಪುತ್ತದೆ. ಆದರೆ ಮರ ಕುಗ್ಗಿದ್ದಕ್ಕೆ ಅದರಲ್ಲೂ ಮದ್ದಿಲ್ಲ. ಕೀ ಹಿಡಿಯಲೇಬೇಕು.

ಇನ್ನು ಬೋಲ್ಟ್‌ನಿಂದ ಆಗದ ಕೆಲಸಗಳೂ ಇವೆ. ಬೋಲ್ಟ್‌ನ ತೂತಿನಿಂದ ಎಳೆಯುದ್ದಕ್ಕೆ ಮರ ಸೀಳಿದ್ದರೆ ಬಿಗಿ ಮಾಡಿದಷ್ಟೂ ಸೀಳು ಬೆಳೆಯುತ್ತದೆ. ಬಡಗಿಯನ್ನು ಕರೆಸಿ. ಮಂಚದ ನಡುವೆ ಹಾಸಿಗೆ ಬಸಿಯುತ್ತಿದ್ದರೆ ಅದಕ್ಕೆ ಬೇಕಾದದ್ದು ನಡುಕಾಲು. ನಟ್ಟನಡುವೆ ಭಾರ ಬೀಳುವ ಒಂದು ಪಟ್ಟಿಯ ಉದ್ದ ಅರ್ಧವಾದರೆ ಅದೇ ಭಾರಕ್ಕೆ ಬಗ್ಗೋದು ಎಂಟನೇ ಒಂದು ಭಾಗ. ಯಾವ ಬೋಲ್ಟೂ ಈ ಸಹಾಯ ಮಾಡಲಾರದು.

ಮನೆ ಬದಲಿಸುವಾಗ

ಬಿಚ್ಚೋ ಮುಂಚೆ ನಾಲ್ಕೂ ಮೂಲೆಯ ಫೋಟೋ ತೆಗೆಯಿರಿ. ಪೆನ್ಸಿಲ್‌ನಿಂದ ಕಾಲಿಗೂ ಪಟ್ಟಿಗೂ ಒಂದೇ ಅಂಕಿ ಬರೆಯಿರಿ: 1ಕ್ಕೆ 1, 2ಕ್ಕೆ 2. ಒಂದೇ ಅಳತೆಯ ಪಟ್ಟಿಗಳಂತೆ ಕಂಡರೂ ಅವು ತಮ್ಮ ಮೂಲೆಗೆ ಒಗ್ಗಿಹೋಗಿರುತ್ತವೆ. ಬೋಲ್ಟ್, ವಾಷರ್, ನಟ್, ಕೀ ಎಲ್ಲವನ್ನೂ ಒಂದು ಜಿಪ್ ಕವರ್‌ಗೆ ಹಾಕಿ ನಿಮ್ಮ ಲ್ಯಾಪ್‌ಟಾಪ್ ಬ್ಯಾಗಲ್ಲಿ ಇಟ್ಟುಕೊಳ್ಳಿ, ಟೆಂಪೋದಲ್ಲಿ ಬೇಡ. ಅದೇ ಅಳತೆಯ ಎರಡು ಜೊತೆ ಹೆಚ್ಚಿಗೆ ಇರಲಿ. ಸಿಗದ ಒಂದು ಬೋಲ್ಟ್ ಜಾಗಕ್ಕೆ ಶಿಫ್ಟಿಂಗ್‌ನವರು ಕೈಗೆ ಸಿಕ್ಕಿದ್ದನ್ನು ಹೊಡೆದು ಹೋಗ್ತಾರೆ, ಅಲ್ಲಿಂದಲೇ ಮಂಚದ ಆಯಸ್ಸು ಕರಗೋದು.

ಇವತ್ತು ಮಲಗೋ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಕಾಲು ಕಡೆ ನಿಂತು ಮಂಚವನ್ನು ಪಕ್ಕಕ್ಕೆ ದೂಡಿ. ಆಮೇಲೆ ಅಂಚಿನಲ್ಲಿ ಕೂತು ಎರಡೂ ಕೈ ಊರಿ ನಿಧಾನವಾಗಿ ಏಳಿ, ಅರವತ್ತು ದಾಟಿದವರು ಏಳುವಷ್ಟು ನಿಧಾನವಾಗಿ. ಮೂಲೆಯಲ್ಲಿ ಪಟ್ಟಿಗೂ ಕಾಲಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಬಾಯಿ ಬಿಟ್ಟು ಮುಚ್ಚಿದರೆ ಆ ಮೂಲೆಯ ಬೋಲ್ಟ್ ಒತ್ತಡ ಕಳೆದುಕೊಂಡಿದೆ ಅಂತಲೇ ಅರ್ಥ. ತೂತು ಇನ್ನೂ ದುಂಡಗಿರುವಾಗಲೇ ಕೀ ಹಿಡಿದರೆ ಹತ್ತು ನಿಮಿಷದ ಕೆಲಸ. ಮೊಟ್ಟೆ ಆಕಾರಕ್ಕೆ ಬಂದ ಮೇಲೆ ಬಡಗಿಯ ಕೆಲಸ.